ಒಳಲೆ ಹಿಡಿದ ಕೈಗಳಿಗೆ

ಬಾಣಂತನ ಮಾಡುವ, ಮೊಮ್ಮಕ್ಕಳನ್ನು ಎತ್ತಿ ಆಡಿಸುವ ನಮ್ಮ ಊರುಕೇರಿಗಳ ಅಜ್ಜಿಯರಿಗೆ,

ತಿಪಟೂರು, ಅರಸೀಕೆರೆ ಸೀಮೆಯ ಹಳ್ಳಿಗಳಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ಸರ್ಕಾರದ ಕಾಗದದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ನಿಮ್ಮೆಲ್ಲರ ಬಾಯಲ್ಲಿ ನರ್ಸಮ್ಮ. ಈಗ ನಾನೂ ನಿಮ್ಮ ಹಾಗೆಯೇ ಅಜ್ಜಿ. ಮಕ್ಕಳ ಭೇದಿಯ ವಿಷಯವನ್ನು ಮಗುವಿನ ತಾಯಿಗೆ ಬರೆಯದೆ ನಿಮಗೇ ಬರೆಯಲು ಕಾರಣವಿದೆ. ಮಗುವಿಗೆ ಹೊಟ್ಟೆ ಜಾಡಿಸತೊಡಗಿದಾಗ ನೀರು ಕೊಡಬೇಕೋ ಬೇಡವೋ, ಎದೆಹಾಲು ಬಿಡಿಸಬೇಕೋ, ಆಸ್ಪತ್ರೆಗೆ ಈಗಲೇ ಹೊರಡಬೇಕೋ ಬೆಳಗಾಗಲಿ ಅನ್ನಬೇಕೋ, ಇದನ್ನೆಲ್ಲ ಮನೆಯಲ್ಲಿ ತೀರ್ಮಾನಿಸುವವರು ನೀವು. ಇಪ್ಪತ್ತರ ಸೊಸೆಗೆ ನಾನು ಎಷ್ಟೇ ಹೇಳಿಕೊಟ್ಟರೂ ಆ ಹೊತ್ತಿಗೆ ಅವಳು ನೋಡುವುದು ನಿಮ್ಮ ಮುಖವನ್ನೇ. ಇದು ನನಗೆ ಅರ್ಥವಾಗಲು ಹತ್ತು ವರ್ಷ ಹಿಡಿಯಿತು. ಅಲ್ಲಿಯವರೆಗೆ ತಾಯಂದಿರ ಸಭೆ ಮಾಡುತ್ತಿದ್ದೆ. ಆಮೇಲೆ ಜಗಲಿಯ ಮೇಲೆ ನಿಮ್ಮ ಪಕ್ಕ ಕೂತು ಎಲೆಅಡಿಕೆ ಹಾಕಿಕೊಂಡು ಮಾತಾಡುವುದನ್ನು ಕಲಿತೆ.

ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

1988ರ ಮುಂಗಾರು. ಕೆರೆಯ ಪಕ್ಕದ ಒಂದು ಹಟ್ಟಿಯಲ್ಲಿ ಎಂಟು ತಿಂಗಳ ಹೆಣ್ಣುಮಗುವಿಗೆ ಎರಡು ದಿನದಿಂದ ಭೇದಿ. ನಾನು ಹೋಗಿ ಓಆರ್‌ಎಸ್ ಪೊಟ್ಟಣ ಕೊಟ್ಟು, "ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ ಕುಡಿಸಿ" ಎಂದು ಹೇಳಿ ಮುಂದಿನ ಮನೆಗೆ ನಡೆದೆ. ಮಾರನೆಯ ದಿನ ಬಂದರೆ ಭೇದಿ ಇನ್ನೂ ಹೆಚ್ಚಾಗಿತ್ತು, ಮಗು ಬಾಯಾರಿ ಬಾಯಾರಿ ಅಳುತ್ತಿತ್ತು. ಅಜ್ಜಿ ಸಿಟ್ಟಾಗಿದ್ದರು. "ನಿನ್ ಪುಡಿ ಹಾಕಿದ್ಮೇಲೇ ಜಾಸ್ತಿ ಆಯ್ತು ಕಣವ್ವ" ಅಂದರು. ಯಾವುದರಲ್ಲಿ ಕಲಸಿದಿರಿ ಎಂದು ಕೇಳಿದಾಗ ಹಿತ್ತಾಳೆಯ ಒಂದು ಚೊಂಬು ತಂದು ತೋರಿಸಿದರು. ಅರ್ಧ ಲೀಟರ್ ಕೂಡ ಹಿಡಿಯದ ಚೊಂಬು. ಲೀಟರ್ ಎಂದರೆ ಎಷ್ಟು ಎಂದು ಅವರು ಕೇಳಲಿಲ್ಲ, ಮನೆಯಲ್ಲಿ ಅಳತೆ ಇದೆಯೇ ಎಂದು ನಾನೂ ಕೇಳಲಿಲ್ಲ. ಎರಡರಷ್ಟು ಉಪ್ಪು, ಎರಡರಷ್ಟು ಸಕ್ಕರೆ ಆ ಪುಟ್ಟ ಹೊಟ್ಟೆಗೆ ಹೋಗಿತ್ತು. ಗಟ್ಟಿಯಾದ ನೀರು ಕರುಳಿಗೆ ಇಳಿದರೆ ಮೈಯೊಳಗಿನ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ಆ ಮಗುವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿ ಉಳಿಸಿಕೊಂಡೆವು. ಅಂದಿನಿಂದ ನಾನು ಡೈರಿಗೆ ಹಾಲು ಅಳೆಯುವ ಲೀಟರನ್ನು ಕೈಯಲ್ಲೇ ಹಿಡಿದು ಮನೆಮನೆಗೆ ಹೋಗತೊಡಗಿದೆ. ಆ ಮನೆಯ ದೊಡ್ಡ ಚೊಂಬೋ ತಂಬಿಗೆಯೋ ಲೀಟರಿಗೆ ಎಷ್ಟು ಎಂದು ಸುರಿದು ನೋಡಿ, ಸುಣ್ಣದಿಂದ ಗೆರೆ ಎಳೆದು ಬರುತ್ತಿದ್ದೆ. ಈಗ ನಿಮಗೆ ಅಷ್ಟು ಕಷ್ಟವಿಲ್ಲ. ಒಂದು ಲೀಟರ್ ಎಂದು ಬರೆದ ನೀರಿನ ಬಾಟಲಿಯೇ ಅಂಗಡಿಯಲ್ಲಿ ಸಿಗುತ್ತದೆ. ಒಂದನ್ನು ತೊಳೆದು ಎತ್ತಿಡಿ. ಆದರೆ ಪೊಟ್ಟಣದ ಮೇಲೆ ಏನು ಬರೆದಿದೆ ಎಂದು ಓದುಬರಹ ಬಲ್ಲವರಿಂದ ಓದಿಸಿಕೊಳ್ಳಿ. ಲೀಟರಿಗೆ ಕಲಸುವ ದೊಡ್ಡ ಪೊಟ್ಟಣವೂ ಇದೆ, 200 ಮಿಲಿಗೆ, ಅಂದರೆ ಒಂದು ಲೋಟಕ್ಕೆ, ಕಲಸುವ ಚಿಕ್ಕದೂ ಇದೆ. ಅದಲುಬದಲಾದರೆ ಆ ಹಟ್ಟಿಯ ಮನೆಯಲ್ಲಿ ಆದದ್ದೇ ಆಗುತ್ತದೆ.

ನೀವು ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಒಂದೇ. "ನೀರ್ ಕೊಟ್ರೆ ನೀರೇ ಹೋಯ್ತದಲ್ಲವ್ವ, ಹೊಟ್ಟೆ ಒಣಗ್ಲಿ ಬಿಡು." ಕಣ್ಣಿಗೆ ಕಾಣುವುದು ಹಾಗೆಯೇ, ನಿಮ್ಮ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ತೆಂಗಿನ ಸಸಿಗೆ ನೀರು ಹಾಯಿಸುವಾಗ ಬದು ಒಡೆದು ಅರ್ಧ ನೀರು ಪಕ್ಕಕ್ಕೆ ಹರಿದುಹೋದರೆ, ಸೋರುತ್ತಿದೆ ಎಂದು ನಾವು ಮೋಟಾರು ಆರಿಸಿ ಮನೆಗೆ ಬರುತ್ತೇವೆಯೇ? ಸಸಿಗೆ ಸೇರುವಷ್ಟು ಸೇರಲಿ ಎಂದು ಇನ್ನಷ್ಟು ಹೊತ್ತು ಬಿಡುತ್ತೇವೆ. ಹತ್ತು ಕೆಜಿ ತೂಗುವ ಮಗುವಿನ ಮೈಯಿಂದ ಒಂದು ಲೀಟರ್ ನೀರು ಹೋದರೆ ಅದರ ಜೀವ ಅಪಾಯದಲ್ಲಿದೆ ಎಂದೇ ಅರ್ಥ. ವಾಂತಿಯೂ ಭೇದಿಯೂ ಜೊತೆಗೂಡಿದರೆ ಆ ಒಂದು ಲೀಟರ್ ಖಾಲಿಯಾಗಲು ಒಂದು ಹಗಲು ಸಾಕು. ಮಗು ಸಾಯುವುದು ಹೊಟ್ಟೆ ಕೆಟ್ಟದ್ದರಿಂದಲ್ಲ, ನೀರೂ ಉಪ್ಪೂ ಬತ್ತಿದ್ದರಿಂದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಈಗಲೂ ಪ್ರಪಂಚದಲ್ಲಿ ಐದು ವರ್ಷದೊಳಗಿನ ನಾಲ್ಕು ಲಕ್ಷಕ್ಕೂ ಹೆಚ್ಚು ಮಕ್ಕಳು ಪ್ರತಿವರ್ಷ ಭೇದಿಯಿಂದ ಸಾಯುತ್ತಾರೆ. ಹೆಚ್ಚಿನ ಭೇದಿ ಕೆಲವು ದಿನಗಳಲ್ಲಿ ತಾನಾಗಿಯೇ ನಿಲ್ಲುವಂಥದ್ದು. ಅದು ನಿಲ್ಲುವವರೆಗೆ ಮಗುವನ್ನು ಒಣಗಲು ಬಿಡದಿರುವುದೇ ನಮ್ಮ ಕೆಲಸ.

ಬರೀ ನೀರು ಸಾಲದು, ಉಪ್ಪುಸಕ್ಕರೆ ಯಾಕೆ ಎಂದರೆ, ಭೇದಿಯಾಗುವಾಗ ಕರುಳು ಉಪ್ಪನ್ನು ಒಂಟಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಕ್ಕರೆಯ ಜೊತೆ ಜೋಡಿಯಾಗಿ ಬಂದರೆ ಬಿಟ್ಟುಕೊಳ್ಳುತ್ತದೆ. ಉಪ್ಪು ಹೋದ ಹಿಂದೆಯೇ ನೀರೂ ಹೋಗುತ್ತದೆ. ಕಾಲರಾದಂಥ ಕೆಟ್ಟ ಭೇದಿಯಲ್ಲೂ ಕರುಳು ಈ ಜೋಡಿಗೆ ಮಾತ್ರ ಬಾಗಿಲು ಹಾಕುವುದಿಲ್ಲ. ಈಗಿನ ಪೊಟ್ಟಣದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ಇದರ ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್. ಪೊಟ್ಟಣ ಸಿಗದ ರಾತ್ರಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಸಕ್ಕರೆ ಆರು, ಉಪ್ಪು ಅರ್ಧ. ಗೋಪುರ ಮಾಡಬೇಡಿ, ಬೆರಳಿನಿಂದ ಸವರಿ ಸಪಾಟು ಮಾಡಿ. ಮಗುವಿಗೆ ಕೊಡುವ ಮೊದಲು ನೀವು ನಾಲಗೆಗೆ ಹಚ್ಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಕಲಸಿ. ಕಲಸಿಟ್ಟದ್ದು ಇಪ್ಪತ್ತನಾಲ್ಕು ಗಂಟೆ ದಾಟಿದರೆ ಗಿಡದ ಬುಡಕ್ಕೆ.

ಈಗ ಒಳಲೆಯ ಮಾತು. ನಿಮ್ಮ ಮನೆಯ ಅಟ್ಟದಲ್ಲೋ ದೇವರ ಪೆಟ್ಟಿಗೆಯಲ್ಲೋ ಬೆಳ್ಳಿಯದೋ ಹಿತ್ತಾಳೆಯದೋ ಒಂದು ಇದ್ದೇ ಇರುತ್ತದೆ. ಅದರಲ್ಲಿ ಗುಟುಕು ಗುಟುಕಾಗಿ ಕುಡಿಸುವ ಕೈ ನಿಮ್ಮದು. ಓಆರ್‌ಎಸ್‌ಗೆ ಬೇಕಾದದ್ದೂ ಅದೇ ಕೈ. ಒಂದೇ ಸಲ ಲೋಟ ಎತ್ತಿ ಕುಡಿಸಿದರೆ ಮಗು ಕಕ್ಕುತ್ತದೆ, ಕಕ್ಕಿದ ಕೂಡಲೇ "ಒಗ್ಗಲಿಲ್ಲ" ಎಂದು ನಿಲ್ಲಿಸಿಬಿಡುತ್ತೇವೆ. ಕಕ್ಕಿದರೆ ಹತ್ತು ನಿಮಿಷ ಸುಮ್ಮನಿದ್ದು, ಆಮೇಲೆ ಇನ್ನೂ ನಿಧಾನವಾಗಿ, ಎರಡು ಮೂರು ನಿಮಿಷಕ್ಕೆ ಒಂದು ಚಮಚದಂತೆ ಮತ್ತೆ ಶುರುಮಾಡಿ. ಪ್ರತಿ ಸಲ ಭೇದಿಯಾದಾಗಲೂ ಎರಡು ವರ್ಷದೊಳಗಿನ ಮಗುವಿಗೆ ಕಾಲಿನಿಂದ ಅರ್ಧ ಲೋಟ, ಅದಕ್ಕಿಂತ ದೊಡ್ಡ ಮಗುವಿಗೆ ಅರ್ಧದಿಂದ ಒಂದು ಲೋಟ. ಇನ್ನೊಂದು ಮಾತು, ಇದನ್ನು ಹೇಳದೆ ಬಿಡಲಾರೆ. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಅಳುತ್ತಿರುವ ಬಾಯಿಗೆ ಒಳಲೆ ಬಗ್ಗಿಸಬೇಡಿ. ಅದು ಉಸಿರಿನ ದಾರಿಗೆ ಹೋಗಿ ನ್ಯುಮೋನಿಯಾ ಆದ ಮಕ್ಕಳನ್ನು ನಾನು ಕಂಡಿದ್ದೇನೆ. ಮಗುವನ್ನು ತೊಡೆಯ ಮೇಲೆ ಒರಗಿಸಿ ಕೂರಿಸಿ, ತುಟಿಗೆ ತಾಗಿಸಿ, ಅದು ನುಂಗಿದ ಮೇಲೆ ಇನ್ನೊಂದು ಗುಟುಕು.

ಹಾಗೆ ಕೂತ ಒಬ್ಬ ಅಜ್ಜಿ ನನ್ನ ಕಣ್ಣ ಮುಂದೆಯೇ ಇದ್ದಾರೆ. ಅವರ ಹೆಸರು ಬೇಡ. ಮಳೆ ಹಿಡಿದ ರಾತ್ರಿ, ಹಳ್ಳ ತುಂಬಿ ತಾಲ್ಲೂಕಿಗೆ ಹೋಗುವ ದಾರಿ ಕಟ್ಟಿತ್ತು. ಒಂದು ವರ್ಷದ ಮೊಮ್ಮಗ, ಕಣ್ಣು ಗುಳಿಬಿದ್ದು, ಅತ್ತರೂ ಕಣ್ಣೀರಿಲ್ಲ. ಆದರೆ ಚಮಚ ಕಂಡರೆ ಬಾಯಿ ಚಾಚುತ್ತಿತ್ತು, ಅದೊಂದೇ ನನಗೆ ಧೈರ್ಯ. ಲಾಟೀನಿನ ಪಕ್ಕ ಕಂಬಕ್ಕೆ ಒರಗಿ ಕೂತು ಅವರು ಕುಡಿಸತೊಡಗಿದರು. ಸೊಸೆ ತೂಕಡಿಸಿದಳು, ನಾನೂ ತೂಕಡಿಸಿದೆ. ಎಚ್ಚರಾದಾಗಲೆಲ್ಲ ಒಳಲೆ ಚೊಂಬಿಗೆ ತಾಗುವ ಸಣ್ಣ ಸದ್ದು, ಅವರ ತುಟಿಯಲ್ಲಿ ಯಾವುದೋ ಸೋಬಾನೆಯ ಗುನುಗು. ಕೋಳಿ ಕೂಗುವ ಹೊತ್ತಿಗೆ "ನರ್ಸಮ್ಮ, ಏಳವ್ವ" ಎಂದು ನನ್ನ ಭುಜ ಅಲ್ಲಾಡಿಸಿದರು. ನನ್ನ ಎದೆ ಧಸಕ್ಕೆಂದಿತು. ಅವರು ಸೀರೆಯ ನೆರಿಗೆ ಎತ್ತಿ ತೋರಿಸಿದರು. "ಉಚ್ಚೆ ಹುಯ್ಕಂತು ನೋಡು. ತೊಡೆ ಬೆಚ್ಚಗಾಯ್ತು." ಒಣಗಿದ್ದ ಮಗು ಉಚ್ಚೆ ಹೊಯ್ದರೆ ಮೈಗೆ ನೀರು ಹತ್ತಿತೆಂದೇ ಲೆಕ್ಕ. ಅವರಿಗೆ ನಾನು ಆ ಲಕ್ಷಣವನ್ನು ಹೇಳಿಕೊಟ್ಟಿರಲೇ ಇಲ್ಲ.

ಆಸ್ಪತ್ರೆಗೆ ಬಂದ ಕೂಡಲೇ "ಒಂದು ಗ್ಲೂಕೋಸ್ ಬಾಟ್ಲಿ ಏರ್ಸಿಬಿಡಿ" ಎಂದು ಹಟ ಹಿಡಿಯುವವರಿಗೆ ನಾನು ಬನಗಾಂವ್ ಕತೆ ಹೇಳುತ್ತಿದ್ದೆ. 1971ರಲ್ಲಿ ಬಾಂಗ್ಲಾ ಯುದ್ಧದಿಂದ ಓಡಿಬಂದ ಲಕ್ಷಾಂತರ ಜನ ಪಶ್ಚಿಮ ಬಂಗಾಳದ ಗಡಿಯಲ್ಲಿ ಬಿಡಾರ ಹೂಡಿದ್ದರು. ಕಾಲರಾ ಹಬ್ಬಿತು. ಬನಗಾಂವ್ ಆಸ್ಪತ್ರೆಯ ನೆಲದ ಮೇಲೆ, ರೋಗಿಗಳ ಮಲದ ನಡುವೆಯೇ ಮಂಡಿಯೂರಿ ಕೆಲಸ ಮಾಡುತ್ತಿದ್ದ ಡಾಕ್ಟರು ದಿಲೀಪ್ ಮಹಾಲನಬಿಸ್. ನರಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂತು. ಅವರು ಉಪ್ಪು, ಸೋಡಾ, ಗ್ಲೂಕೋಸನ್ನು ತೂಗಿ ಪೊಟ್ಟಣ ಕಟ್ಟಿಸಿ, ನಲ್ಲಿ ಇರುವ ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ತಾಯಿ, ಅಜ್ಜಿ, ಅಣ್ಣ, ಯಾರಿದ್ದರೆ ಅವರು ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಆವರೆಗೆ ದೊಡ್ಡ ದೊಡ್ಡ ವೈದ್ಯರೂ ಬಾಯಿಂದ ಕುಡಿಸಿ ಕಾಲರಾ ಗೆಲ್ಲಬಹುದೆಂದು ಪೂರ್ತಿ ನಂಬಿರಲಿಲ್ಲ. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಪ್ರಶಸ್ತಿ ತಡವಾಯಿತೆಂಬ ಸಂಕಟ ನನಗಿದೆ. ಮಗು ಪೂರ್ತಿ ನಿತ್ರಾಣವಾಗಿದ್ದರೆ, ನುಂಗಲಾರದಿದ್ದರೆ ಬಾಟಲಿ ಬೇಕೇ ಬೇಕು. ನುಂಗುವ ಮಗುವಿಗೆ ಬಾಯಿಯೇ ಒಳ್ಳೆಯ ದಾರಿ.

ನಿಮ್ಮಲ್ಲಿ ಹಲವರು "ನೆತ್ತಿ ಬಿದ್ದಿದೆ" ಎಂದು ಹರಳೆಣ್ಣೆ ತಟ್ಟುತ್ತೀರಿ. ನೆತ್ತಿ ಬಿದ್ದದ್ದನ್ನು ಗುರುತಿಸಿದಿರಲ್ಲ, ಅದು ದೊಡ್ಡದು. ಎಷ್ಟೋ ಸಲ ಡಾಕ್ಟರು ಮುಟ್ಟಿ ನೋಡುವ ಮೊದಲೇ ನೀವು ನೋಡಿರುತ್ತೀರಿ. ಆದರೆ ನೆತ್ತಿ ಬಿದ್ದದ್ದರಿಂದ ಭೇದಿಯಾಗುವುದಲ್ಲ. ಭೇದಿಯಾಗಿ ನೀರು ಬತ್ತಿದ್ದರಿಂದ ನೆತ್ತಿ ಬೀಳುವುದು. ಎಣ್ಣೆ ಹಚ್ಚಬೇಡಿ ಎನ್ನುವುದಿಲ್ಲ, ಹಚ್ಚುತ್ತ ಹೊತ್ತು ಕಳೆಯಬೇಡಿ. ಹೊಕ್ಕುಳಿನ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟು ನೋಡಿ. ಚಟ್ಟನೆ ಮೊದಲಿನ ಹಾಗಾಗಬೇಕು. ಮಡಿಕೆ ನಿಧಾನವಾಗಿ ಇಳಿದರೆ, ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಕುಡಿಯಲಾರದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಆರು ಗಂಟೆಯಾದರೂ ಉಚ್ಚೆ ಹೊಯ್ಯದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಜೋರು ಜ್ವರವಿದ್ದರೆ ಬೆಳಗಾಗಲಿ ಅನ್ನಬೇಡಿ, ದಾರಿಯುದ್ದಕ್ಕೂ ಗುಟುಕು ಕೊಡುತ್ತಲೇ ಹೊರಡಿ. ಎರಡು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ ಇದ್ಯಾವುದಕ್ಕೂ ಕಾಯಬೇಡಿ. 108ಕ್ಕೆ ಫೋನು ಮಾಡಿಸಿ.

ಜಾಯಿಕಾಯಿ ತೇಯ್ದು ನೆಕ್ಕಿಸುವುದನ್ನು ದಯವಿಟ್ಟು ಬಿಡಿ. ಜಾಯಿಕಾಯಿ ಮಗುವಿಗೆ ಮಂಪರು ತರಿಸುತ್ತದೆ. ಆಮೇಲೆ ಮಗು ನೀರು ಬತ್ತಿ ಮಂಕಾಯಿತೋ ಜಾಯಿಕಾಯಿಗೆ ಮಂಕಾಯಿತೋ ನಿಮಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಭೇದಿ ನಿಲ್ಲಿಸುವ ಮಾತ್ರೆಯೂ ಚಿಕ್ಕಮಕ್ಕಳಿಗೆ ಸಲ್ಲ. ಅದು ಕರುಳಿನ ಚಲನೆಯನ್ನು ಕಟ್ಟಿಹಾಕುತ್ತದೆ, ಒಳಗಿನ ಕೆಟ್ಟದ್ದು ಒಳಗೇ ಉಳಿಯುತ್ತದೆ. ಆ್ಯಂಟಿಬಯಾಟಿಕ್ ಬೇಕಾಗುವುದು ರಕ್ತಭೇದಿಯಲ್ಲಿ, ಕಾಲರಾದಲ್ಲಿ, ಅದೂ ಡಾಕ್ಟರು ನೋಡಿ ಹೇಳಿದರೆ. ಇನ್ನು ಬಣ್ಣಬಣ್ಣದ ಟೆಟ್ರಾ ಪ್ಯಾಕಿನ ಸಿಹಿನೀರು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಬಳಸಕೂಡದೆಂದು ಆದೇಶ ಮಾಡಿತು. ಅವುಗಳಲ್ಲಿ ಸಕ್ಕರೆ ಬಹಳ ಹೆಚ್ಚು. ನನ್ನ ಚೊಂಬಿನ ಕತೆ ನೆನಪಿದೆಯಲ್ಲ, ಅಲ್ಲಿ ಆದದ್ದೇ ಇಲ್ಲೂ ಆಗುತ್ತದೆ.

ಔಷಧ ಎಂದು ಕೊಡಲೇಬೇಕಾದದ್ದು ಜಿಂಕ್ ಮಾತ್ರೆ. ಎರಡರಿಂದ ಆರು ತಿಂಗಳ ಕೂಸಿಗೆ ದಿನಕ್ಕೆ 10 ಮಿಲಿಗ್ರಾಂ, ಆರು ತಿಂಗಳು ದಾಟಿದ ಮಗುವಿಗೆ 20. ಚಮಚದಲ್ಲಿ ಎದೆಹಾಲಿಗೋ ಕುದಿಸಿದ ನೀರಿಗೋ ಹಾಕಿದರೆ ಕರಗುತ್ತದೆ. ಹದಿನಾಲ್ಕು ದಿನ ಕೊಡಬೇಕು. ಮೂರನೆಯ ದಿನಕ್ಕೆ ಭೇದಿ ನಿಂತಿತೆಂದು ಮಿಕ್ಕ ಮಾತ್ರೆಯನ್ನು ಕಿಟಕಿಯಲ್ಲಿ ಇಟ್ಟುಬಿಡುವುದು ನಮ್ಮಲ್ಲಿ ರೂಢಿ. ಪೂರ್ತಿ ಕೊಟ್ಟರೆ ಸವೆದ ಕರುಳು ಚೇತರಿಸಿಕೊಳ್ಳುತ್ತದೆ, ಮುಂದಿನ ಎರಡು ಮೂರು ತಿಂಗಳು ಭೇದಿ ಮತ್ತೆ ಬರುವುದೂ ಕಡಿಮೆ.

ಲಂಘನವೇ ಮದ್ದು ಎನ್ನುವ ಮಾತು ದೊಡ್ಡವರ ಅಜೀರ್ಣಕ್ಕೆ ಇರಬಹುದು. ಮಗುವಿಗೆ ಬೇಡ. ಎದೆಹಾಲನ್ನಂತೂ ಒಂದು ಹೊತ್ತೂ ನಿಲ್ಲಿಸಬೇಡಿ, ಕೇಳಿದಾಗಲೆಲ್ಲ ಕುಡಿಸಲಿ. ಆರು ತಿಂಗಳು ದಾಟಿದ ಮಗುವಿಗೆ ಉಪ್ಪು ಹಾಕಿದ ಅಕ್ಕಿಗಂಜಿ, ತೆಳುವಾದ ರಾಗಿಸರಿ, ಮೊಸರನ್ನ, ಕಿವುಚಿದ ಬಾಳೆಹಣ್ಣು, ಬೇಳೆಕಟ್ಟು, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಆರೇಳು ಸಲ. ನಮ್ಮ ಸೀಮೆಯಲ್ಲಿ ಎಳನೀರಿಗೆ ಬರವಿಲ್ಲ, ಕೊಡಿ, ಆದರೆ ಓಆರ್‌ಎಸ್ ಬದಲಿಗೆ ಅಲ್ಲ, ಅದರ ಜೊತೆಗೆ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಇಕ್ಕಿ. ಭೇದಿಯಿಂದ ಬಡವಾದ ಮಗುವಿಗೆ ಮತ್ತೆ ಭೇದಿ ಬೇಗ ಹತ್ತುತ್ತದೆ.

ಭೇದಿ ಯಾಕೆ ಬರುತ್ತದೆ ಎಂದರೆ ನೀವು ಹಲ್ಲು ಬರುವುದು, ದೃಷ್ಟಿ, ಹಲಸಿನಹಣ್ಣು ಎನ್ನುತ್ತೀರಿ. ಹಲ್ಲು ಬರುವ ವಯಸ್ಸು ನೋಡಿ. ಮಗು ಅಂಬೆಗಾಲಿಟ್ಟು ನೆಲದ ಮೇಲಿನದ್ದನ್ನೆಲ್ಲ ಬಾಯಿಗೆ ಹಾಕುವುದೂ ಆಗಲೇ, ಹೊರಗಿನ ಊಟ ಶುರುವಾಗುವುದೂ ಆಗಲೇ, ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಇಳಿಯುವುದೂ ಆಗಲೇ. ಭೇದಿಯ ಬೇರು ಇಲ್ಲಿದೆ, ಹಲ್ಲಿನ ಮೇಲೆ ಸುಮ್ಮನೆ ಅಪವಾದ. ಚಿಕ್ಕಮಕ್ಕಳ ಜೋರು ಭೇದಿಗೆ ಬಹಳ ಸಲ ಕಾರಣ ರೋಟಾವೈರಸ್. ಅದು ಚಳಿಗಾಲದಲ್ಲಿ ಹೆಚ್ಚು. ಅದಕ್ಕೆ ಲಸಿಕೆ ಇದೆ, 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಗಿ 2019ರ ಹೊತ್ತಿಗೆ ದೇಶಕ್ಕೆಲ್ಲ ಹರಡಿತು. ಆರು, ಹತ್ತು, ಹದಿನಾಲ್ಕನೆಯ ವಾರಕ್ಕೆ ಬಾಯಿಗೇ ಹಾಕುತ್ತಾರೆ, ಸೂಜಿಯಿಲ್ಲ, ದುಡ್ಡಿಲ್ಲ. ಮೊಮ್ಮಗುವಿನ ತಾಯಿಕಾರ್ಡಿನಲ್ಲಿ ಮೂರೂ ಗುರುತು ಬಿದ್ದಿದೆಯೇ ನೋಡಿಸಿ.

ಮಳೆಗಾಲದ್ದು ಹೆಚ್ಚಾಗಿ ನೀರಿನ ಭೇದಿ. ಊರಿನ ಪೈಪು ಚರಂಡಿಯ ಪಕ್ಕದಲ್ಲಿ, ಕೆಲವು ಕಡೆ ಚರಂಡಿಯೊಳಗೇ ಹಾದುಹೋಗುತ್ತದೆ. ನೀರಗಂಟಿ ವಾಲ್ವ್ ಮುಚ್ಚಿದ ಮೇಲೆ ಖಾಲಿ ಪೈಪು ಎಲ್ಲಿ ಬಿರುಕಿದೆಯೋ ಅಲ್ಲಿಂದ ಕೊಳಕನ್ನು ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ನೀರು ಬಿಟ್ಟಾಗ ಮೊದಲು ಬರುವುದು ಅದೇ. ಆ ಮೊದಲ ನೀರನ್ನು ಕುಡಿಯುವ ಬಿಂದಿಗೆಗೆ ಹಿಡಿಯಬೇಡಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನ ಸತ್ತರು, ಬಹಳ ಜನ ಆಸ್ಪತ್ರೆ ಸೇರಿದರು. ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಒಂದೇ ಬೀದಿಯಲ್ಲಿ ನಾಲ್ಕು ಮನೆಗೆ ಒಂದೇ ದಿನ ಭೇದಿಯಾದರೆ ಅದು ನಿಮ್ಮ ಸೊಸೆಯ ಅಡುಗೆಯ ತಪ್ಪಲ್ಲ, ಪೈಪು ಒಡೆದಿದೆ. ಅವತ್ತೇ ಪಂಚಾಯಿತಿಗೆ ಹೋಗಿ ಕೇಳಿ, ಆಶಾ ಕಾರ್ಯಕರ್ತೆಗೂ ಹೇಳಿ. ಪೈಪು ಸರಿಯಾಗುವವರೆಗೆ ಎಲ್ಲರ ಮನೆಯಲ್ಲೂ ನೀರು ಮಳ್ಳಿ ಕುದಿಯಲಿ.

ಮನೆಯೊಳಗಿನ ಒಂದು ಸಂಗತಿ. ಕೂಸಿನ ಹೇಲು ಹಾಲಿನಂಥದ್ದು, ಅದಕ್ಕೆ ಮಡಿಮೈಲಿಗೆ ಇಲ್ಲ ಎಂದು ಹಿತ್ತಲಿಗೋ ತಿಪ್ಪೆಗೋ ಎಸೆಯುತ್ತೇವೆ, ಕೈಯನ್ನು ಸೆರಗಿಗೆ ಒರೆಸಿ ರಾಗಿಸರಿ ಕಲಸುತ್ತೇವೆ. ಭೇದಿಯಾದ ಕೂಸಿನ ಮಲದಲ್ಲಿ ಇರುವಷ್ಟು ರೋಗಾಣು ದೊಡ್ಡವರದ್ದರಲ್ಲೂ ಇರಲಾರದು. ಪಾಯಿಖಾನೆಗೆ ಹಾಕಿ, ಕೈಯನ್ನು ಸೋಪಿನಲ್ಲಿ ತೊಳೆಯಿರಿ. ಬಿಂದಿಗೆಗೆ ಚೊಂಬು ಮುಳುಗಿಸುವಾಗ ಬೆರಳೂ ಮುಳುಗುತ್ತದೆ, ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಹಾಲಿನ ಬಾಟಲಿಯನ್ನು ಮನೆಗೆ ತರಲೇಬೇಡಿ. ಅದರ ನಿಪ್ಪಲ್ಲನ್ನು ಎಷ್ಟು ತೊಳೆದರೂ ಹಳೆಯ ಹಾಲಿನ ಕರೆ ಉಳಿಯುತ್ತದೆ.

ನಿಮ್ಮ ಬಗ್ಗೆಯೂ ಒಂದು ಮಾತು. ಮನೆಯಲ್ಲಿ ಎಲ್ಲರಿಗೂ ಮಾಡಿ ಕೊನೆಗೆ ನಿಮಗೇ ಭೇದಿ ಹತ್ತಿದರೆ ಗೋಡೆ ಕಡೆ ತಿರುಗಿ ಮಲಗುತ್ತೀರಿ. ಸಕ್ಕರೆ ಕಾಯಿಲೆ ಇದೆ, ಓಆರ್‌ಎಸ್‌ನಲ್ಲಿ ಸಿಹಿ ಇದೆ ಎಂದು ಮುಟ್ಟುವುದಿಲ್ಲ. ಅದರಲ್ಲಿರುವ ಗ್ಲೂಕೋಸ್ ಸ್ವಲ್ಪವೇ, ಕುಡಿಯಿರಿ. ಬಿ.ಪಿ.ಗೆ ಉಚ್ಚೆ ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿ, ಹೃದಯದ ತೊಂದರೆ ಇರುವವರು ಅವತ್ತೇ ಡಾಕ್ಟರಿಗೆ ತಿಳಿಸಿ. ಈ ವಯಸ್ಸಿನಲ್ಲಿ ನಮಗೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗುವುದಿಲ್ಲ.

ಈ ವಾರ ಆಶಾ ನಿಮ್ಮ ಬೀದಿಗೆ ಬಂದಾಗ ಎರಡು ಪೊಟ್ಟಣ ಓಆರ್‌ಎಸ್, ಹದಿನಾಲ್ಕು ಜಿಂಕ್ ಮಾತ್ರೆ ಕೇಳಿ ಇಸಿದುಕೊಳ್ಳಿ. ಅಂಗನವಾಡಿಯಲ್ಲೂ ಉಪಕೇಂದ್ರದಲ್ಲೂ ಕೇಳಿ ನೋಡಿ. ಅರಿಶಿನ ಕುಂಕುಮದ ಬಟ್ಟಲಿನ ಪಕ್ಕ, ಕೈಗೆ ಸಿಗುವ ಕಡೆ ಇಡಿ. ಅಟ್ಟದ ಮೇಲಿನ ಒಳಲೆಯನ್ನು ಇಳಿಸಿ, ಹುಣಸೆಹಣ್ಣಿನಲ್ಲಿ ಬೆಳಗಿ, ಮೂತಿಯ ಒಳಗೂ ಉಜ್ಜಿ, ಹತ್ತು ನಿಮಿಷ ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ಚೊಕ್ಕ ಬಟ್ಟೆಯಲ್ಲಿ ಸುತ್ತಿಡಿ. ಪೊಟ್ಟಣ ಕಲಸುವುದು ಹೇಗೆಂದು ಸೊಸೆಗೆ ಒಮ್ಮೆ ಮಾಡಿ ತೋರಿಸಿ. ನೀವು ಇಲ್ಲದ ದಿನ ಅವಳೇ ಮಾಡಬೇಕಲ್ಲ.

ಇಂತಿ ನಿಮ್ಮವಳೇ ಆದ,
ಹಳೆಯ ನರ್ಸಮ್ಮ